ಸ್ಟೆಪ್ಪರ್ ಮೋಟರ್‌ಗೆ ಯಾವ ಡ್ರೈವರ್? ಮೊದಲು ಓಮ್ ಅಳೆಯಿರಿ

"ಎ4988 ತಗೊಳ್ಳಲಾ, ಟಿಎಂಸಿ2209 ತಗೊಳ್ಳಲಾ, ಮನೆಯಲ್ಲೇ ಇರೋ ಎಲ್298ಎನ್ ಸಾಕಾ?" ಒಂದೊಂದೇ ಹೆಜ್ಜೆ (ಸ್ಟೆಪ್) ಹಾಕುತ್ತಾ ತಿರುಗುವ ಸ್ಟೆಪ್ಪರ್ ಮೋಟರ್ ಹೊಸದಾಗಿ ಹಿಡಿದು ಕೂತವರೆಲ್ಲ ಕೇಳುವ ಪ್ರಶ್ನೆ ಇದು. ಇವೆಲ್ಲ ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡುಗಳ ಹೆಸರು. ಮೋಟರ್ ಯಾವುದು ಅಂತ ಹೇಳದೆ ಕೇಳಿದರೆ ಇದಕ್ಕೆ ಉತ್ತರವೇ ಇಲ್ಲ. ಡ್ರೈವರ್‌ಗೆ ದುಡ್ಡು ಕೊಡುವ ಮುಂಚೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಮೋಟರ್‌ನ ಒಂದು ಕಾಯಿಲ್ (ಒಳಗಿನ ತಂತಿ ಸುರುಳಿ) ಅಳೆಯಿರಿ. ಹತ್ತಾರು ಓಮ್ ತೋರಿಸಿದರೆ ಒಂದು ದಾರಿ. ಒಂದೆರಡು ಓಮ್ ಅಷ್ಟೇ ತೋರಿಸಿದರೆ ದಾರಿಯೇ ಬೇರೆ.

ಯಾಕೆ ಅಂದರೆ, ಕಾಯಿಲ್‌ನಲ್ಲಿ ಹರಿಯುವ ಕರೆಂಟನ್ನು ಯಾರಾದರೂ ಹಿಡಿತದಲ್ಲಿ ಇಡಲೇಬೇಕು. ಕಾಯಿಲ್‌ನ ರೆಸಿಸ್ಟೆನ್ಸ್ ಜಾಸ್ತಿ ಇದ್ದರೆ ಆ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಆಗ ಡ್ರೈವರ್ ಬರೀ ಸ್ವಿಚ್ಚಾಗಿದ್ದರೂ ಸಾಕು. ರೆಸಿಸ್ಟೆನ್ಸ್ ಕಡಿಮೆ ಇದ್ದರೆ ಡ್ರೈವರೇ ಕರೆಂಟ್ ಅಳೆಯುತ್ತಾ ಇರಬೇಕು, ಮಿತಿ ಮುಟ್ಟಿದ ತಕ್ಷಣ ಕತ್ತರಿಸಬೇಕು, ಮತ್ತೆ ಬಿಡಬೇಕು. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಯುಎಲ್‌ಎನ್2003 ಮತ್ತು ಎಲ್298ಎನ್ ಬೋರ್ಡುಗಳು ಬರೀ ಸ್ವಿಚ್ಚಿನ ಜಾತಿ. ಎ4988, ಡಿಆರ್‌ವಿ8825, ಟಿಎಂಸಿ2208, ಟಿಎಂಸಿ2209, ಟಿಬಿ6600 ಕರೆಂಟ್ ಕತ್ತರಿಸುವ ಜಾತಿ. ಕಡಿಮೆ ಓಮ್‌ನ ಮೋಟರನ್ನು ಬರೀ ಸ್ವಿಚ್ಚಿಗೆ ಕಟ್ಟಿದಾಗ ಹೊಗೆ ಬರುತ್ತದೆ.

ನೀಲಿ ಮುಚ್ಚಳದ ಪುಟ್ಟ ಮೋಟರ್

28ಬಿವೈಜೆ-48 ಎಲ್ಲರೂ ಮೊದಲು ಕೊಳ್ಳುವ ಮೋಟರ್. ಎಸಿಯಲ್ಲಿ ಗಾಳಿ ಮೇಲೆ ಕೆಳಗೆ ತೂಗುವ ಪಟ್ಟಿಯನ್ನು ಆಡಿಸುವುದು ಇದೇ ಕುಟುಂಬದ ಮೋಟರ್. ಐದು ವೈರು: ನೀಲಿ, ಗುಲಾಬಿ, ಹಳದಿ, ಕಿತ್ತಳೆ, ಕೆಂಪು. ಕೆಂಪು ಎಲ್ಲಕ್ಕೂ ಸಾಮಾನ್ಯ, ಅದು 5 ವೋಲ್ಟ್‌ಗೆ ಹೋಗುತ್ತದೆ. ಕಾಯಿಲ್ 50 ಓಮ್ ಅಂತ ಇಟ್ಟುಕೊಂಡರೆ, ಯುಎಲ್‌ಎನ್2003 ನುಂಗುವ ಸುಮಾರು ಒಂದು ವೋಲ್ಟ್ ಕಳೆದು, ಒಂದು ಕಾಯಿಲ್‌ಗೆ ಹರಿಯುವುದು ಸುಮಾರು 80 ಮಿಲಿಆಂಪ್. ಯಾವ ಸೆಟ್ಟಿಂಗೂ ಬೇಡ, ಯಾವ ಸ್ಕ್ರೂ ತಿರುಗಿಸುವುದೂ ಬೇಡ. ಮೋಟರಿನ ಪ್ಲಗ್ಗು ಬೋರ್ಡಿನ ಸಾಕೆಟ್‌ಗೆ ಒಂದೇ ರೀತಿಯಲ್ಲಿ ಕೂರುತ್ತದೆ. ಮೊದಲ ಪ್ರಾಜೆಕ್ಟಿಗೆ ಇದನ್ನೇ ತಗೊಳ್ಳಿ ಅಂತ ನಾನು ಹೇಳುವುದು ಅದಕ್ಕೇ.

ಕೊಳ್ಳುವಾಗ ಒಂದನ್ನು ಮಾತ್ರ ನೋಡಿ. ಮೋಟರ್ ಮೇಲೆ 5 ವೋಲ್ಟ್ ಅಂತ ಬರೆದಿರಬೇಕು. ನೋಡಲು ಹೀಗೇ ಇರುವ 12 ವೋಲ್ಟಿನದೂ ಮಾರುಕಟ್ಟೆಯಲ್ಲಿ ಇದೆ. ಅದನ್ನು 5 ವೋಲ್ಟಿಗೆ ಕಟ್ಟಿದರೆ ಸುಡುವುದಿಲ್ಲ, ಆದರೆ ಶಕ್ತಿಯೂ ಇರುವುದಿಲ್ಲ.

ಇದರ ವೈರಿಂಗ್‌ನಲ್ಲಿ ಪದೇ ಪದೇ ಆಗುವ ತಪ್ಪು ಒಂದೇ. ಬೋರ್ಡಿನ ಐಎನ್1, ಐಎನ್2, ಐಎನ್3, ಐಎನ್4 ಅನ್ನು ಮೋಟರಿಗೆ ಆಜ್ಞೆ ಕೊಡುವ ಆರ್ಡುಯಿನೊ ಬೋರ್ಡಿನ 8, 9, 10, 11ನೇ ಪಿನ್ನಿಗೆ ಸಾಲಾಗಿ ಕಟ್ಟುತ್ತಾರೆ. ಅದು ಸರಿ. ಆದರೆ ಆರ್ಡುಯಿನೊ ಜೊತೆ ಬರುವ ಸ್ಟೆಪ್ಪರ್ ಲೈಬ್ರರಿಗೂ (ಸಿದ್ಧ ಕೋಡ್) ಪಿನ್‌ಗಳನ್ನು ಹಾಗೇ ಸಾಲಾಗಿ ಕೊಟ್ಟರೆ ಮೋಟರ್ ಸುಮ್ನೆ ನಡುಗುತ್ತದೆ, ಇಲ್ಲವೇ ನೀವು ಯಾವ ದಿಕ್ಕು ಹೇಳಿದರೂ ತನಗೆ ತೋಚಿದ ಕಡೆ ತಿರುಗುತ್ತದೆ. ಲೈಬ್ರರಿಗೆ ಕೊಡಬೇಕಾದ ಕ್ರಮ 8, 10, 9, 11. ಕಾರಣ ಏನು ಗೊತ್ತಾ? ಈ ಮೋಟರ್‌ನಲ್ಲಿ ಐಎನ್1 ಮತ್ತು ಐಎನ್3 ಒಂದೇ ಸುರುಳಿಯ ಎರಡು ಅರ್ಧಗಳು. ಕ್ರಮ ತಪ್ಪಿದರೆ ಎರಡೂ ಒಟ್ಟಿಗೆ ಆನ್ ಆಗಿ ಒಂದರ ಕಾಂತವನ್ನು ಇನ್ನೊಂದು ಅಳಿಸಿ ಹಾಕುತ್ತದೆ. ಬೋರ್ಡಿನ ನಾಲ್ಕೂ ಎಲ್‌ಇಡಿ ಚೆನ್ನಾಗಿ ಮಿನುಗುತ್ತಲೇ ಇರುತ್ತವೆ. ಅದಕ್ಕೇ ಜನ ಮೋಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಇನ್ನು ಸ್ಟೆಪ್ ಲೆಕ್ಕ. ಒಂದು ಸುತ್ತಿಗೆ 2048 ಸ್ಟೆಪ್ ಅಂತ ಎಲ್ಲ ಕಡೆ ಬರೆದಿರುತ್ತದೆ. ಒಳಗಿನ ರೋಟರ್‌ಗೆ 32 ಸ್ಟೆಪ್, ಗೇರು 1ಕ್ಕೆ 64, ಗುಣಿಸಿದರೆ 2048. ಆದರೆ ಇಂಥ ಎಷ್ಟೋ ಮೋಟರ್‌ಗಳ ಗೇರಿನ ಹಲ್ಲು ಎಣಿಸಿ ಲೆಕ್ಕ ಹಾಕಿದರೆ ಅನುಪಾತ 63.684 ಬರುತ್ತದೆ, ಸುತ್ತಿಗೆ ಸುಮಾರು 2038 ಸ್ಟೆಪ್ ಆಗುತ್ತದೆ. ಹತ್ತು ಸ್ಟೆಪ್ ತಾನೇ ಅನ್ನಬೇಡಿ. ಇದರಿಂದ ಗಡಿಯಾರದ ನಿಮಿಷದ ಮುಳ್ಳು ತಿರುಗಿಸುತ್ತಿದ್ದರೆ ಸುತ್ತಿಗೆ 1.8 ಡಿಗ್ರಿ ಜಾಸ್ತಿ ಹೋಗುತ್ತದೆ. 24 ಗಂಟೆಗೆ 24 ಸುತ್ತು. ಮರುದಿನ ಅದೇ ಹೊತ್ತಿಗೆ ಗಡಿಯಾರ ಏಳು ನಿಮಿಷ ಮುಂದೆ! ಮೀನಿಗೆ ಆಹಾರ ಹಾಕುವ ಡಬ್ಬಿಗೆ ಇದು ಲೆಕ್ಕಕ್ಕಿಲ್ಲ. ಗಡಿಯಾರ ಮಾಡುವವರು ಶಾಫ್ಟ್‌ಗೆ ಒಂದು ಗುರುತು ಹಾಕಿ, ಹತ್ತು ಸುತ್ತಿನ ಸ್ಟೆಪ್ ಕಳಿಸಿ, ಗುರುತು ಎಲ್ಲಿ ನಿಂತಿತು ಅಂತ ನೋಡಲೇಬೇಕು.

ಈ ಮೋಟರ್‌ನ ಮಿತಿ ವೇಗ. ನಿಮಿಷಕ್ಕೆ 15 ಸುತ್ತಿನ ಮೇಲೆ ಹೋಗಲು ಹೇಳಿದರೆ ಗುಂಯ್‌ಗುಟ್ಟಿ ನಿಂತುಬಿಡುತ್ತದೆ. ಗೇರಿನಲ್ಲಿ ಸ್ವಲ್ಪ ಸಡಿಲವೂ ಇರುತ್ತದೆ, ಹಾಗಾಗಿ ದಿಕ್ಕು ಬದಲಿಸಿದಾಗ ಮೊದಲ ಕೆಲವು ಸ್ಟೆಪ್ ಶಾಫ್ಟ್‌ಗೆ ಮುಟ್ಟುವುದಿಲ್ಲ. ಪೆನ್ ಪ್ಲಾಟರ್, ಕ್ಯಾಮೆರಾ ಸ್ಲೈಡರ್, ಕಿಟಕಿ ಪರದೆಗೆ ಇದು ಬೇಡ.

ಎಲ್298ಎನ್: ಇದೆ ಅಂತ ಬಳಸಬೇಡಿ

ರೋಬೋ ಕಾರ್ ಕಿಟ್ ಕೊಂಡವರ ಮನೆಯಲ್ಲಿ ಈ ಕೆಂಪು ಬೋರ್ಡು ಇದ್ದೇ ಇರುತ್ತದೆ. ನೆಮಾ 17 ಮೋಟರ್‌ಗೂ ಇದನ್ನೇ ಕಟ್ಟೋಣ ಅನಿಸುತ್ತದೆ. ನೆಮಾ 17 ಅಂದರೆ ಮುಖದ ಅಳತೆ ಸುಮಾರು 1.7 ಇಂಚು, ಅಂದರೆ 42 ಮಿಲಿಮೀಟರ್ ಚೌಕ, ಸ್ಕ್ರೂ ತೂತುಗಳ ನಡುವೆ 31 ಮಿಲಿಮೀಟರ್. ಅಷ್ಟೇ. ಕರೆಂಟ್ ಎಷ್ಟು, ಓಮ್ ಎಷ್ಟು ಅಂತ ಆ ಹೆಸರು ಹೇಳುವುದಿಲ್ಲ. ಅಂಗಡಿಗಳಲ್ಲಿ ಜಾಸ್ತಿ ಸಿಗುವ 17ಎಚ್‌ಎಸ್4401 ಮೋಟರನ್ನೇ ತಗೊಳ್ಳಿ: 1.7 ಆಂಪ್, 1.5 ಓಮ್, ಸುತ್ತಿಗೆ 200 ಸ್ಟೆಪ್. ಎಲ್298ಎನ್‌ಗೆ 12 ವೋಲ್ಟ್ ಕೊಟ್ಟು, ಅದು ನುಂಗುವ ಮೂರು ವೋಲ್ಟ್ ಕಳೆದರೂ ಉಳಿದ 9 ವೋಲ್ಟ್ ಒಂದೂವರೆ ಓಮ್ ಮೇಲೆ ಬೀಳುತ್ತದೆ. ಆರು ಆಂಪ್! ಆ ಚಿಪ್ಪಿನ ಮಿತಿ ಒಂದೊಂದು ಕಡೆಗೆ ಎರಡು ಆಂಪ್. ಮುಂದೇನಾಗುತ್ತದೆ ಅಂತ ಮೂಗಿಗೇ ಗೊತ್ತಾಗುತ್ತದೆ.

12 ವೋಲ್ಟ್, 0.4 ಆಂಪ್, 30 ಓಮ್ ಅಂತ ಬರೆದ ನೆಮಾ 17 ಕೂಡ ಇವೆ. ಅವಕ್ಕೆ ಎಲ್298ಎನ್ ನಡೆಯುತ್ತದೆ. ಅದು ಬಿಟ್ಟರೆ ಸ್ಟೆಪ್ಪರ್‌ಗೆ ಅಂತ ಇದನ್ನು ಹೊಸದಾಗಿ ಕೊಳ್ಳಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ಎ4988: ಸ್ಕ್ರೂ ಒಂದನ್ನು ಸರಿ ಮಾಡಿಕೊಂಡರೆ ಸಾಕು

ಬೆರಳ ತುದಿಯಷ್ಟಿರುವ ಈ ಬೋರ್ಡು ಕರೆಂಟ್ ಕತ್ತರಿಸುವ ಜಾತಿಯಲ್ಲಿ ಅಗ್ಗದ್ದು. ಮೋಟರ್ ಕಡೆಗೆ 8ರಿಂದ 35 ವೋಲ್ಟ್ ಕೊಡಬಹುದು. ಹೀಟ್‌ಸಿಂಕ್ ಇಲ್ಲದೆ ಕಾಯಿಲ್‌ಗೆ ಒಂದು ಆಂಪ್, ಹೀಟ್‌ಸಿಂಕ್ ಮತ್ತು ಫ್ಯಾನ್ ಇದ್ದರೆ ಎರಡರ ತನಕ. "ನನ್ನ ಮೋಟರ್ 2.5 ವೋಲ್ಟಿನದು, 12 ಕೊಟ್ಟರೆ ಸುಡಲ್ವಾ?" ಅಂತ ಹೆದರಬೇಡಿ. ಕರೆಂಟಿಗೆ ಮಿತಿ ಹಾಕಿದ ಮೇಲೆ ಜಾಸ್ತಿ ವೋಲ್ಟ್ ಒಳ್ಳೆಯದೇ. ಅದರಿಂದ ಕಾಯಿಲ್ ಬೇಗ ತುಂಬುತ್ತದೆ. ಮೇಲಿನ ಮೋಟರ್‌ನ ಇಂಡಕ್ಟೆನ್ಸ್ (ಕರೆಂಟ್ ಒಮ್ಮೆಲೇ ಏರದಂತೆ ತಡೆಯುವ ಗುಣ) 2.8 ಮಿಲಿಹೆನ್ರಿ. ಅದರಲ್ಲಿ ಒಂದೂವರೆ ಆಂಪ್ ಏರಲು 12 ವೋಲ್ಟಿಗೆ ಸುಮಾರು 0.35 ಮಿಲಿಸೆಕೆಂಡ್ ಬೇಕು, 24 ವೋಲ್ಟಿಗೆ ಅದರ ಅರ್ಧ ಸಾಕು. ಸೆಕೆಂಡಿಗೆ ಸಾವಿರ ಸ್ಟೆಪ್ ಹಾಕುವಾಗ ಒಂದು ಸ್ಟೆಪ್‌ಗೆ ಸಿಗುವುದೇ ಒಂದು ಮಿಲಿಸೆಕೆಂಡ್. ವೇಗ ಏರಿದಂತೆ ಮೋಟರ್ ಬಲ ಕಳೆದುಕೊಳ್ಳುತ್ತಿದ್ದರೆ ಕರೆಂಟ್ ಏರಿಸುವ ಬದಲು ವೋಲ್ಟ್ ಏರಿಸಿ ಅನ್ನುವುದು ಇದಕ್ಕೇ.

ಕರೆಂಟ್ ಮಿತಿ ಹಾಕುವುದು ಹೀಗೆ. ಬೋರ್ಡಿನ ಮೇಲೆ ಚಿಪ್ಪಿನ ಪಕ್ಕ ಎರಡು ಕಪ್ಪು ರೆಸಿಸ್ಟರ್ ಇರುತ್ತವೆ. ಅವುಗಳ ಮೇಲೆ ಆರ್100, ಆರ್068 ಅಥವಾ ಆರ್050 ಅಂತ ಓದಿ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಕಾಣುತ್ತದೆ. ಅಂದರೆ 0.1, 0.068, 0.05 ಓಮ್. ಬೋರ್ಡಿನ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಹೊಂದಿಸುವ ವೋಲ್ಟಿಗೆ ವಿರೆಫ್ ಅಂತ ಹೆಸರು. ಸೂತ್ರ: ವಿರೆಫ್ ಅಂದರೆ ಬೇಕಾದ ಕರೆಂಟ್ ಗುಣಿಸು 8 ಗುಣಿಸು ಆ ರೆಸಿಸ್ಟರ್. ಒಂದು ಆಂಪ್ ಬೇಕು, ಆರ್100 ಇದೆ ಅಂದರೆ 0.8 ವೋಲ್ಟ್. ಅದೇ ಆರ್050 ಆದರೆ 0.4 ವೋಲ್ಟ್. ಬೋರ್ಡು ನೋಡದೆ ಬೇರೆಯವರ ವಿರೆಫ್ ನಕಲು ಮಾಡಿದರೆ ಎರಡು ಪಟ್ಟು ತಪ್ಪಾಗುವುದು ಇಲ್ಲೇ. ಮಲ್ಟಿಮೀಟರ್‌ನ ಕಪ್ಪು ತುದಿ ಗ್ರೌಂಡ್‌ಗೆ, ಕೆಂಪು ತುದಿಯನ್ನು ಕ್ಲಿಪ್ ಹಾಕಿ ಪುಟ್ಟ ಸ್ಕ್ರೂಡ್ರೈವರ್‌ನ ಲೋಹಕ್ಕೆ ಕಚ್ಚಿಸಿ. ಈಗ ಸ್ಕ್ರೂ ತಿರುಗಿಸುತ್ತಲೇ ವೋಲ್ಟ್ ಓದಬಹುದು. ಕೂದಲೆಳೆಯಷ್ಟು ತಿರುಗಿಸಿದರೂ ಅಂಕಿ ಜಿಗಿಯುತ್ತದೆ. ಸ್ಕ್ರೂಡ್ರೈವರ್ ಜಾರಿ ಪಕ್ಕದ ಪಿನ್ನಿಗೆ ತಾಗದಂತೆ ಕೈ ಊರಿಕೊಂಡು ಮಾಡಿ.

ಕೆಲವರು ಅಡಾಪ್ಟರ್ ವೈರಿನ ನಡುವೆ ಆಂಪ್ ಮೀಟರ್ ಹಾಕಿ ಒಂದು ಆಂಪ್ ಬರುವ ತನಕ ಸ್ಕ್ರೂ ತಿರುಗಿಸುತ್ತಾರೆ. ಹೀಗೆ ಖಂಡಿತ ಮಾಡಬೇಡಿ. ಅಡಾಪ್ಟರ್ ಕಡೆಯ ಕರೆಂಟ್ ಬೇರೆ, ಕಾಯಿಲ್ ಕರೆಂಟ್ ಬೇರೆ. ಎರಡು ಕಾಯಿಲ್‌ಗೂ ಒಂದೊಂದು ಆಂಪ್ ಹರಿಯುತ್ತಾ ಮೋಟರ್ ನಿಂತಿರುವಾಗ ಖರ್ಚಾಗುವುದು ಸುಮಾರು 3 ವ್ಯಾಟ್. 12 ವೋಲ್ಟ್ ಅಡಾಪ್ಟರ್‌ನಲ್ಲಿ ಅದು ಕಾಲು ಆಂಪ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿ ಒಂದು ಆಂಪ್ ನೋಡಲು ಹೊರಟರೆ ಡ್ರೈವರ್ ಉಳಿಯುವುದಿಲ್ಲ.

ಇನ್ನೆರಡು ಮಾತು. ರೀಸೆಟ್ ಪಿನ್ ಗಾಳಿಯಲ್ಲಿ ಬಿಡಬೇಡಿ, ಪಕ್ಕದ ಸ್ಲೀಪ್ ಪಿನ್‌ಗೆ ಸೇರಿಸಿ. ಎಲ್ಲ ಸರಿಯಿದ್ದೂ ಮೋಟರ್ ಸತ್ತಂತೆ ಇದ್ದರೆ ಬಹಳ ಸಲ ಕಾರಣ ಇದೇ. ಮತ್ತೆ, ವಿಮಾಟ್ (ಮೋಟರಿನ ವೋಲ್ಟ್ ಕೊಡುವ ಪಿನ್) ಮತ್ತು ಗ್ರೌಂಡ್ ನಡುವೆ 100 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಬೋರ್ಡಿನ ಪಕ್ಕದಲ್ಲೇ ಹಾಕಿ. ಉದ್ದದ ವೈರಿನಲ್ಲಿ ಅಡಾಪ್ಟರ್ ಚುಚ್ಚಿದ ಕ್ಷಣ 12 ವೋಲ್ಟ್ ಕೂಡ 35 ದಾಟಿ ಜಿಗಿಯಬಹುದು.

ಡಿಆರ್‌ವಿ8825: ಯಾವಾಗ ಬೇಕು?

ಹೀಟ್‌ಸಿಂಕ್ ಇಲ್ಲದೆ ಒಂದೂವರೆ ಆಂಪ್, 45 ವೋಲ್ಟ್ ತನಕ, ಒಂದು ಸ್ಟೆಪ್ಪನ್ನು 32 ಭಾಗ ಮಾಡುವ ಸೌಲಭ್ಯ (ಆ ಭಾಗಕ್ಕೆ ಮೈಕ್ರೊಸ್ಟೆಪ್ ಅಂತಾರೆ). 24 ವೋಲ್ಟ್ ಮೇಲೆ, ಒಂದೂವರೆ ಆಂಪಿನ ಆಸುಪಾಸು ಓಡಿಸುವವರಿಗೆ ಇದು ಸರಿ. ಉಳಿದವರಿಗೆ ಎ4988 ಸಾಕು. ಕಡಿಮೆ ಕರೆಂಟಿನಲ್ಲಿ ಇದರ ಮೈಕ್ರೊಸ್ಟೆಪ್‌ಗಳು ಸಮನಾಗಿ ಬೀಳುವುದಿಲ್ಲ, ನಿಧಾನವಾಗಿ ತಿರುಗುವಾಗ ತಡೆದು ತಡೆದು ಹೋದಂತೆ ಕಾಣುತ್ತದೆ.

ಸೂತ್ರ ಸುಲಭ: ವಿರೆಫ್‌ನ ಎರಡರಷ್ಟು ಕರೆಂಟ್. ಅಪಾಯ ಬೇರೆ ಕಡೆ ಇದೆ. ಎ4988 ತೆಗೆದು ಅದೇ ಸಾಕೆಟ್‌ಗೆ ಇದನ್ನು ಹಾಕುವವರು ಸ್ಕ್ರೂ ಇರುವ ಕಡೆ ನೋಡಿ ದಿಕ್ಕು ನಿರ್ಧರಿಸುತ್ತಾರೆ. ಇದರಲ್ಲಿ ಸ್ಕ್ರೂ ಇರುವುದು ಇನ್ನೊಂದು ತುದಿಯಲ್ಲಿ. ತಿರುಗಾಮುರುಗಾ ಹಾಕಿ ಆನ್ ಮಾಡಿದರೆ ಡ್ರೈವರ್ ಮುಗಿಯಿತು. ಸ್ಕ್ರೂ ಬಿಡಿ, ಪಿನ್ನಿನ ಪಕ್ಕ ಬರೆದ ಹೆಸರು ಓದಿ.

ಟಿಎಂಸಿ2208, ಟಿಎಂಸಿ2209: ಸದ್ದಿಗೆ ಕೊಡುವ ದುಡ್ಡು

ಮಲಗುವ ಕೋಣೆಯ ಪರದೆ ಎಳೆಯುವುದಕ್ಕೆ ಅಂತಾದರೆ ಯೋಚನೆ ಮಾಡದೆ ಇದನ್ನೇ ತಗೊಳ್ಳಿ. ಎ4988 ಕಿರ್ರ್ ಅನ್ನುವ ವೇಗದಲ್ಲಿ ಇದರ ಸದ್ದೇ ಕೇಳಿಸುವುದಿಲ್ಲ. ನೀವು ಕೊಡುವ ದಪ್ಪ ಮೈಕ್ರೊಸ್ಟೆಪ್‌ಗಳನ್ನು ಒಳಗೇ 256 ಭಾಗಕ್ಕೆ ನುಣ್ಣಗೆ ಮಾಡಿಕೊಳ್ಳುತ್ತದೆ.

ಬದಲಿಸಿದ ಮೇಲೆ ಗಾಬರಿ ಹುಟ್ಟಿಸುವ ವಿಷಯಗಳು ಕೆಲವಿವೆ. ಎ4988ರಲ್ಲಿ ಮೈಕ್ರೊಸ್ಟೆಪ್ ಆರಿಸುವ ಎಂಎಸ್ ಪಿನ್‌ಗಳನ್ನು ಹಾಗೇ ಬಿಟ್ಟರೆ ಪೂರ್ತಿ ಸ್ಟೆಪ್. ಇದರಲ್ಲಿ ಎಂಎಸ್1, ಎಂಎಸ್2 ಎರಡೂ ಗ್ರೌಂಡ್ ಆದರೆ ಎಂಟನೇ ಒಂದು ಭಾಗ. ಹಳೆಯ ಕೋಡ್ ಓಡಿಸಿದರೆ ಪರದೆ ಎಂಟನೇ ಒಂದು ಭಾಗ ಮಾತ್ರ ಹೋಗಿ ನಿಲ್ಲುತ್ತದೆ. ಮೋಟರ್ ಉಲ್ಟಾ ತಿರುಗಬಹುದು. ಒಂದು ಕಾಯಿಲ್‌ನ ಎರಡು ವೈರು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ವಿರೆಫ್‌ಗೆ ಎ4988ರ ಸೂತ್ರ ಹಾಕಬೇಡಿ. ಅಲ್ಲಿ ಹೇಳುವುದು ಗರಿಷ್ಠ ಕರೆಂಟ್, ಇಲ್ಲಿ ಸಾಮಾನ್ಯವಾಗಿ ಒಂದು ಥರದ ಸರಾಸರಿಯಾದ ಆರ್‌ಎಂಎಸ್. ಎರಡರ ನಡುವೆ 1.4 ಪಟ್ಟು ವ್ಯತ್ಯಾಸ. ಮಾಡ್ಯೂಲ್ ಜೊತೆ ಬಂದ ಮಾಹಿತಿಯನ್ನೇ ನೋಡಿ. ಟಿಎಂಸಿ2209ಕ್ಕೆ 29 ವೋಲ್ಟ್ ಮಿತಿ, ಹಾಗಾಗಿ 36 ವೋಲ್ಟಿನ ಹಳೆಯ ಪವರ್ ಸಪ್ಲೈ ಇದ್ದರೆ ಜೋಪಾನ.

ಸದ್ದಿಲ್ಲದ ಮೋಡ್‌ಗೆ ಒಂದು ಬೆಲೆಯೂ ಇದೆ. ತುಂಬಾ ವೇಗದಲ್ಲಿ ಬಲ ಕಡಿಮೆಯಾಗಿ ಸ್ಟೆಪ್ ತಪ್ಪಬಹುದು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಥರದ್ದು ಮಾಡುತ್ತಿದ್ದರೆ ಸದ್ದು ಸಹಿಸಿಕೊಳ್ಳುವುದೇ ವಾಸಿ.

ನೆಮಾ 23 ಅಳತೆಯ ದೊಡ್ಡ ಮೋಟರ್ ಆದರೆ ಈ ಪುಟ್ಟ ಬೋರ್ಡುಗಳನ್ನೆಲ್ಲ ಬಿಟ್ಟು ಟಿಬಿ6600 ಪೆಟ್ಟಿಗೆ ತಗೊಳ್ಳಿ. ಕರೆಂಟ್ ಆರಿಸಲು ಸ್ಕ್ರೂ ಬದಲು ಡಿಪ್ ಸ್ವಿಚ್ (ಪುಟ್ಟ ಸ್ವಿಚ್ಚುಗಳ ಸಾಲು) ಇರುತ್ತದೆ. ಅದರ ಇನ್‌ಪುಟ್ 5 ವೋಲ್ಟಿಗೆ ಮಾಡಿದ್ದು. ಇಎಸ್‌ಪಿ32 (ಆರ್ಡುಯಿನೊ ಥರದ್ದೇ ಇನ್ನೊಂದು ಬೋರ್ಡು) ಕೊಡುವ 3.3 ವೋಲ್ಟಿಗೆ ಕೆಲವೊಮ್ಮೆ ಸ್ಟೆಪ್ ತಪ್ಪಿಸುತ್ತದೆ, ನಡುವೆ ವೋಲ್ಟ್ ಏರಿಸುವ ಲೆವೆಲ್ ಶಿಫ್ಟರ್ ಬೇಕಾಗಬಹುದು. ಮೋಟರ್ ಆನ್-ಆಫ್ ಮಾಡುವ ಎನೇಬಲ್ ಜೋಡಿ ಪಿನ್ನಿಗೆ ಏನೂ ಕಟ್ಟದೆ ಬಿಟ್ಟರೂ ಮೋಟರ್ ಓಡುತ್ತದೆ.

ನಾಲ್ಕು ವೈರಿನಲ್ಲಿ ಜೋಡಿ ಯಾವುದು?

ನೆಮಾ 17ರ ವೈರಿನ ಬಣ್ಣ ನಂಬಬೇಡಿ. ಕಪ್ಪು-ಹಸಿರು ಒಂದು ಜೋಡಿ, ಕೆಂಪು-ನೀಲಿ ಇನ್ನೊಂದು ಜೋಡಿ ಅನ್ನುವುದು ಬಹಳ ಕಡೆ ನಿಜ, ಎಲ್ಲ ಕಡೆ ಅಲ್ಲ. ಮೀಟರ್ ಇಲ್ಲದಿದ್ದರೂ ತಿಳಿಯಬಹುದು. ಮೋಟರ್ ಎಲ್ಲಿಗೂ ಕಟ್ಟದೆ ಇರುವಾಗ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಸಲೀಸಾಗಿ ತಿರುಗುತ್ತದೆ. ಈಗ ಯಾವುದಾದರೂ ಎರಡು ವೈರಿನ ತುದಿ ಸೇರಿಸಿ ತಿರುಗಿಸಿ. ಗಟ್ಟಿಯಾಗಿ ಕಟಕಟ ಅಂತ ತಡೆದರೆ ಅವೆರಡೂ ಒಂದೇ ಕಾಯಿಲ್. ತಡೆಯದಿದ್ದರೆ ಬೇರೆ ವೈರು ಹಿಡಿಯಿರಿ. ಒಂದು ಜೋಡಿ 1ಎ, 1ಬಿಗೆ, ಇನ್ನೊಂದು 2ಎ, 2ಬಿಗೆ. ಮೋಟರ್ ಜೊತೆ ಬರುವ ಕೇಬಲ್‌ಗಳಲ್ಲಿ ನಡುವಿನ ಎರಡು ವೈರು ಅಡ್ಡ ಹಾಯ್ದಿರುವುದೂ ಉಂಟು. ಪ್ಲಗ್ ಚೆನ್ನಾಗಿ ಕೂತಿತು ಅಂತ ಜೋಡಿ ಸರಿಯಿದೆ ಅಂದುಕೊಳ್ಳಬೇಡಿ.

ಆರ್ಡುಯಿನೊ ಗ್ರೌಂಡ್ ಮತ್ತು ಮೋಟರ್ ಅಡಾಪ್ಟರ್‌ನ ಗ್ರೌಂಡ್ ಸೇರಿರಬೇಕು. ಮೋಟರ್ ಕರೆಂಟನ್ನು ಆರ್ಡುಯಿನೊದ 5 ವೋಲ್ಟ್ ಪಿನ್ನಿನಿಂದ ಎಳೆಯಬೇಡಿ. ಪುಟ್ಟ ಮೋಟರ್ ತಿರುಗೀತು, ಆದರೆ ಬೋರ್ಡು ಆಗಾಗ ರೀಸೆಟ್ ಆಗುವುದಕ್ಕೆ ಅದೇ ಕಾರಣ. ಪವರ್ ಆನ್ ಇರುವಾಗ ಮೋಟರ್ ವೈರು ಕೀಳುವುದಂತೂ ಬೇಡವೇ ಬೇಡ. ಕಾಯಿಲ್‌ನಲ್ಲಿ ತುಂಬಿದ ಶಕ್ತಿ ಒಮ್ಮೆಲೇ ಡ್ರೈವರ್ ಮೇಲೆ ಬೀಳುತ್ತದೆ. ಬ್ರೆಡ್‌ಬೋರ್ಡಿನ ಸಡಿಲ ತೂತಿನಲ್ಲಿ ಮೋಟರ್ ವೈರು ಚುಚ್ಚಿದರೂ ಇದೇ ಕಥೆ, ಅಲ್ಲಾಡಿದಾಗೆಲ್ಲ ಕಿತ್ತಂತೆಯೇ.

ತಿರುಗದಿದ್ದರೆ

ಮೊದಲು ಶಾಫ್ಟ್ ಮುಟ್ಟಿ ನೋಡಿ. ಪವರ್ ಇದ್ದೂ ಸಲೀಸಾಗಿ ತಿರುಗುತ್ತಿದ್ದರೆ ಕಾಯಿಲ್‌ಗೆ ಕರೆಂಟೇ ಹೋಗುತ್ತಿಲ್ಲ. ಸ್ಲೀಪ್, ರೀಸೆಟ್, ಎನೇಬಲ್, ವಿಮಾಟ್ ನೋಡಿ. ಎನೇಬಲ್ ಉಲ್ಟಾ ಕೆಲಸ ಮಾಡುತ್ತದೆ, ಅದು ಗ್ರೌಂಡ್‌ನಲ್ಲಿದ್ದರೆ ಮೋಟರ್ ಆನ್. ಶಾಫ್ಟ್ ಬಿಗಿಯಾಗಿ ನಿಂತಿದೆ, ಆದರೆ ಅಲ್ಲಾಡುತ್ತಿಲ್ಲ ಅಂದರೆ ಡ್ರೈವರ್ ಸರಿಯಿದೆ, ಸ್ಟೆಪ್ ಪಲ್ಸ್ ಮುಟ್ಟುತ್ತಿಲ್ಲ. ಗ್ರೌಂಡ್ ಸೇರಿಸಿಲ್ಲದಿರಬಹುದು, ಕೋಡ್‌ನಲ್ಲಿ ಪಿನ್ ನಂಬರ್ ಬೇರೆ ಇರಬಹುದು.

ನಡುಗುತ್ತಿದ್ದರೆ ವೇಗವನ್ನು ಸೆಕೆಂಡಿಗೆ ಒಂದು ಸ್ಟೆಪ್‌ಗೆ ಇಳಿಸಿ. ಹಿಂದೆ ಮುಂದೆ, ಹಿಂದೆ ಮುಂದೆ ಆಡಿದರೆ ಜೋಡಿ ತಪ್ಪಿದೆ, ಇಲ್ಲವೇ ಒಂದು ಕಾಯಿಲ್‌ನ ವೈರು ಬಿಟ್ಟಿದೆ. ನಿಧಾನಕ್ಕೆ ಚೆನ್ನಾಗಿ ತಿರುಗಿ, ವೇಗ ಕೊಟ್ಟರೆ ಮಾತ್ರ ನಡುಗಿದರೆ ವೈರಿಂಗ್ ಮುಟ್ಟಬೇಡಿ. ನಿಂತ ಬಸ್ಸನ್ನು ನಾಲ್ಕನೇ ಗೇರಿನಲ್ಲಿ ಹೊರಡಿಸಿದ ಹಾಗೆ ಅದು. ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಬಳಸಿ ವೇಗವನ್ನು ಮೆಲ್ಲಗೆ ಏರಿಸಿ. ಅದಕ್ಕೂ ಮಿತಿ ಇದೆ, ಆರ್ಡುಯಿನೊ ಉನೊದಲ್ಲಿ ಸೆಕೆಂಡಿಗೆ ಸುಮಾರು 4000 ಸ್ಟೆಪ್. ಹದಿನಾರನೇ ಒಂದು ಮೈಕ್ರೊಸ್ಟೆಪ್ ಇಟ್ಟುಕೊಂಡರೆ ಅಷ್ಟರಲ್ಲಿ ಮೋಟರ್ ಸೆಕೆಂಡಿಗೆ ಒಂದೂಕಾಲು ಸುತ್ತು ಮಾತ್ರ ತಿರುಗುತ್ತದೆ.

ಸ್ವಲ್ಪ ಹೊತ್ತು ಓಡಿ, ನಿಂತು, ಮತ್ತೆ ತಾನೇ ಓಡಿದರೆ ಡ್ರೈವರ್ ಕಾದು ಆಫ್ ಆಗುತ್ತಿದೆ. ವಿರೆಫ್ ಇಳಿಸಿ ಅಥವಾ ಫ್ಯಾನ್ ಹಾಕಿ. ಮೋಟರ್ ಕೈಗೆ ಸುಡುವಷ್ಟು ಬಿಸಿಯಾದರೂ ಸಾಮಾನ್ಯವಾಗಿ ಅದಕ್ಕೇನೂ ಆಗುವುದಿಲ್ಲ. ಕರಗುವುದು ನಿಮ್ಮ ಬ್ರಾಕೆಟ್. ಪಿಎಲ್‌ಎಯಲ್ಲಿ (3ಡಿ ಪ್ರಿಂಟರ್ ಪ್ಲಾಸ್ಟಿಕ್) ಪ್ರಿಂಟ್ ಮಾಡಿದ್ದು 60 ಡಿಗ್ರಿ ಹತ್ತಿರ ಮೆತ್ತಗಾಗಿ ಬಾಗುತ್ತದೆ.

ದಿನಾ ಸ್ವಲ್ಪ ಸ್ವಲ್ಪ ಜಾಗ ತಪ್ಪುತ್ತಿದ್ದರೆ ಕೋಡ್ ತಿದ್ದುವ ಮುಂಚೆ ಶಾಫ್ಟ್ ಮತ್ತು ಪುಲ್ಲಿ ಎರಡರ ಮೇಲೂ ಮಾರ್ಕರ್‌ನಲ್ಲಿ ಒಂದೇ ಗೆರೆ ಎಳೆಯಿರಿ. ಮರುದಿನ ಗೆರೆ ಒಡೆದಿದ್ದರೆ ಮೋಟರ್ ಸರಿಯಾಗೇ ತಿರುಗಿದೆ, ಪುಲ್ಲಿಯ ಪುಟ್ಟ ಗ್ರಬ್ ಸ್ಕ್ರೂ ಸಡಿಲ ಅಷ್ಟೇ.

ಹಳೇ ಪ್ರಿಂಟರ್ ಬಿಚ್ಚಿದ್ದು ಇದ್ದರೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಮಾಲು ಹುಡುಕುವವರಿಗೆ, ಮನೆಯಲ್ಲೇ ಪ್ರಿಂಟರ್ ಬಿಚ್ಚುವವರಿಗೆ ಆರು ವೈರಿನ ಮೋಟರ್ ಸಿಗುವುದುಂಟು. ಅದನ್ನು ಎ4988ಕ್ಕೂ ಕಟ್ಟಬಹುದು. ಮೂರು ಮೂರು ವೈರಿನ ಎರಡು ಗುಂಪು ಹುಡುಕಿ. ಗುಂಪಿನ ಒಳಗೆ ಜಾಸ್ತಿ ಓಮ್ ತೋರಿಸುವ ಎರಡು ವೈರು ತುದಿಗಳು, ಅವನ್ನು ಡ್ರೈವರ್‌ಗೆ ಕಟ್ಟಿ. ಉಳಿದ ನಡುವಿನ ವೈರಿಗೆ ಟೇಪ್ ಸುತ್ತಿ ಸುಮ್ನೆ ಬಿಡಿ. ಐದು ವೈರಿನದಾದರೆ ಹೀಗೆ ಆಗುವುದಿಲ್ಲ, ಎರಡು ಕಾಯಿಲ್‌ನ ನಡುವೂ ಒಳಗೇ ಸೇರಿಕೊಂಡಿರುತ್ತದೆ. ಅದಕ್ಕೆ ಯುಎಲ್‌ಎನ್2003 ಸಾಕಾಗುತ್ತದಾ ಅಂತ ಮೊದಲು ಓಮ್ ಅಳೆದು ಲೆಕ್ಕ ಹಾಕಿ. ಆ ಚಿಪ್ಪಿನ ಒಂದು ಚಾನೆಲ್‌ಗೆ ಅರ್ಧ ಆಂಪ್ ಮಿತಿ. ಅದರ ಹತ್ತಿರ ಬಂದರೆ ಆ ಮೋಟರ್ ಬಿಟ್ಟು ಬೇರೆ ನೋಡಿ.